ಮಾರಿಕಣಿವೆಯ ಏರು

ನಮ್ಮ ಬಂಧುವರ್ಗದಲ್ಲಿ ನನಗೊಂದು ಕೀರ್ತಿ ಉಂಟು. ಹದಿನೈದನೆಯ ವಯಸ್ಸಿನಲ್ಲಿ, ಗೇರಿಲ್ಲದ ಸೈಕಲ್ಲಿನ ಮೇಲೆ, ಮಾರಿಕಣಿವೆಯ ಏರನ್ನು ಒಮ್ಮೆಯೂ ಕೆಳಗಿಳಿಯದೆ ಕೂತೇ ಹತ್ತಿದವನು ನಾನು. ಹತ್ತಿದ ರಭಸಕ್ಕೆ ಸೈಕಲ್ಲಿನ ಅಚ್ಚೇ ಮುರಿದುಹೋಯಿತಂತೆ. ಮದುವೆಮನೆಯಲ್ಲಾಗಲಿ, ತಿಥಿಯೂಟದ ಎಲೆಯ ಮುಂದಾಗಲಿ, ಯಾರಾದರೂ ಸೈಕಲ್ಲಿನ ಮಾತು ತೆಗೆದರೆ ಸಾಕು, “ಸೈಕಲ್ ಅಂದರೆ ನಮ್ಮ ಇವನು ನೋಡಿ” ಎಂದು ಒಬ್ಬರಲ್ಲ ಒಬ್ಬರು ನನ್ನ ಕಡೆ ಬೆರಳು ತೋರಿಸುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅದನ್ನು ಅವರು ವಿನಯವೆಂದು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಆ ಏರನ್ನು ನಾನು ಹತ್ತಿಲ್ಲ.

ಮೊದಲು ಊರುಗಳ ವಿಚಾರ ಒಂದಿಷ್ಟು ಹೇಳಿಬಿಡಬೇಕು. ಚಿತ್ರದುರ್ಗದ ಸೀಮೆಯೆಂದರೆ ಬರೀ ಬಯಲು, ಬಿಸಿಲು ಎಂದು ಬಸ್ಸಿನ ಕಿಟಕಿಯಿಂದ ನೋಡಿ ಹೋದವರು ತಿಳಿಯುತ್ತಾರೆ. ಆದರೆ ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಈ ನಾಲ್ಕನ್ನೂ ಒಂದು ದಾರದಲ್ಲಿ ಪೋಣಿಸಿ ಸುತ್ತು ಹಾಕಿದರೆ, ಆ ಸುತ್ತಿನ ನಡುವೆ ವಾಯವ್ಯದಿಂದ ಆಗ್ನೇಯಕ್ಕೆ ಗುಡ್ಡಗಳ ಸಾಲೊಂದು ಮಲಗಿರುವುದು ಕಾಣುತ್ತದೆ. ಸುತ್ತು ನೂರೈವತ್ತು ಕಿಲೋಮೀಟರಿಗೆ ಮೇಲಾಗುತ್ತದೆ. ಸುತ್ತುವವನು ಈ ಸಾಲನ್ನು ಎರಡು ಸಲ ದಾಟಲೇಬೇಕು: ಹೋಗುವಾಗ ಮಾರಿಕಣಿವೆಯಲ್ಲಿ, ಬರುವಾಗ ಹೊಳಲ್ಕೆರೆಗೂ ದುರ್ಗಕ್ಕೂ ನಡುವೆ. ನಮ್ಮ ಕಡೆ ಕಣಿವೆ ಎಂದರೆ ಬರಿಯ ತಗ್ಗಲ್ಲ. ಗುಡ್ಡಕ್ಕೂ ಗುಡ್ಡಕ್ಕೂ ನಡುವೆ ನೀರೋ ದಾರಿಯೋ ನುಸುಳುವ ಸಂದಿ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತಿ ಬಂದವರು ನಮ್ಮದನ್ನು ಏರೆಂದು ಲೆಕ್ಕಕ್ಕೆ ಹಿಡಿಯಲಿಕ್ಕಿಲ್ಲ. ಅವರೊಂದಿಗೆ ನನಗೆ ಜಗಳವಿಲ್ಲ. ಒಮ್ಮೆ ಗೇರಿಲ್ಲದ ಸೈಕಲ್ಲಿನಲ್ಲಿ, ಆಷಾಢದ ಗಾಳಿಗೆ ಎದುರಾಗಿ ಬರಲಿ, ಆಮೇಲೆ ಮಾತಾಡೋಣ.

ಅಪ್ಪ ಹೊಸದುರ್ಗದಲ್ಲಿ ಅಂಚೆ ಇಲಾಖೆಯ ಮೇಲ್ ಓವರ್‌ಸಿಯರ್ ಆಗಿದ್ದರು. ಹೆಸರು ಕೇಳಿದರೆ ದೊಡ್ಡ ಹುದ್ದೆಯೆಂದು ತೋರುತ್ತದೆ. ಹಳ್ಳಿಗಳ ಶಾಖಾ ಅಂಚೆಕಚೇರಿಗಳನ್ನು ಒಂದೊಂದಾಗಿ ಸುತ್ತಿ, ಕೈಯಲ್ಲಿರುವ ಹಣ, ಸ್ಟಾಂಪು, ಬಟವಾಡೆಯಾಗದೆ ಉಳಿದ ಮನಿಯಾರ್ಡರು ಇವನ್ನೆಲ್ಲ ನೋಡಿ ಬರುವುದು ಕೆಲಸ. ಬಸ್ಸಿದ್ದ ಕಡೆ ಬಸ್ಸು, ಇಲ್ಲದ ಕಡೆ ಸೈಕಲ್ಲು. ಬಸ್ಸಿಲ್ಲದ ಕಡೆಗಳೇ ಹೆಚ್ಚು. ಹೋದ ಕಡೆಯಲ್ಲೆಲ್ಲ ಆ ದಿನದ ಮೊಹರನ್ನು ತಮ್ಮ ಡೈರಿಯ ಮೇಲೊಂದು ಒತ್ತಿಸಿಕೊಳ್ಳುತ್ತಿದ್ದರು. ಹೋಗಿದ್ದೆ ಎಂಬುದಕ್ಕೆ ಅದೇ ಸಾಕ್ಷಿ.

ಅವರ ಹರ್ಕ್ಯುಲಿಸ್ ಸೈಕಲ್ಲು ನಮ್ಮ ಮನೆಯ ಐದನೆಯ ಜೀವವಾಗಿತ್ತು. ಭಾನುವಾರ ಬೆಳಿಗ್ಗೆ ಅದಕ್ಕೆ ಎಣ್ಣೆ ಬಿದ್ದ ಮೇಲೆಯೇ ನಮ್ಮ ತಲೆಗೆ ಎಣ್ಣೆ. ಸವಾರಿಯಲ್ಲಿ ಅಪ್ಪನದೊಂದು ಕ್ರಮವಿತ್ತು. ಏರು ಬಂದರೆ ಇಳಿದುಬಿಡುವರು. ನಡುವಿನಲ್ಲಿ ಉಸಿರು ಕಟ್ಟಿ ಇಳಿಯುವುದಲ್ಲ; ಏರಿನ ಬುಡದಲ್ಲೇ, ಹೊಸಿಲ ಬಳಿ ಚಪ್ಪಲಿ ಬಿಡುವವರಷ್ಟು ಸಲೀಸಾಗಿ ಇಳಿದು, ಎಡಗೈ ಹ್ಯಾಂಡಲಿನ ಮೇಲೆ, ಬಲಗೈ ಸೀಟಿನ ಮೇಲೆ ಇಟ್ಟು ತಳ್ಳಿಕೊಂಡು ನಡೆಯುವರು. ನೆತ್ತಿಗೆ ಬಂದಮೇಲೆ ಪ್ಯಾಂಟಿನ ಕ್ಲಿಪ್ಪನ್ನು ಒಮ್ಮೆ ಮುಟ್ಟಿ ನೋಡಿ ಮತ್ತೆ ಹತ್ತುವರು. ಒಂದು ಸಲ ಕ್ಯಾರಿಯರಿನ ಮೇಲೆ ನನ್ನನ್ನು ಕೂರಿಸಿಕೊಂಡು ಹೊರಟಿದ್ದಾಗ ಎಂದಿನಂತೆ ಇಬ್ಬರೂ ಇಳಿದು ತಳ್ಳುತ್ತಿದ್ದೆವು. ಬಸ್ಸೊಂದು ಪಕ್ಕದಲ್ಲಿ ಹಾದುಹೋಯಿತು. ಕಿಟಕಿಯಲ್ಲಿ ನನ್ನ ತರಗತಿಯ ಹುಡುಗರು. “ತಳ್ಳು, ತಳ್ಳು” ಎಂದು ಕೂಗಿದರು. ಅಪ್ಪ ಅವರಿಗೆ ಕೈಬೀಸಿದರು! ಅಂದು ಸಂಜೆಯವರೆಗೆ ನಾನು ಅಪ್ಪನೊಡನೆ ಮಾತಾಡಲಿಲ್ಲ. ನನ್ನ ಅಪ್ಪನಿಗೆ ಏರು ಹತ್ತಲು ಬರುವುದಿಲ್ಲ ಎಂಬುದು ಹನ್ನೊಂದು ವರ್ಷದ ನನಗೆ ಬಡತನಕ್ಕಿಂತ ದೊಡ್ಡ ಅವಮಾನವಾಗಿತ್ತು.

1978ರಲ್ಲಿ, ಹೈಸ್ಕೂಲಿನ ಕೊನೆಯ ವರ್ಷ, ನಾವು ನಾಲ್ವರು ಗೆಳೆಯರು ಒಂದು ಭಾನುವಾರ ಹೊಸದುರ್ಗದಿಂದ ಮಾರಿಕಣಿವೆಗೆ ಸೈಕಲ್ಲಿನಲ್ಲಿ ಹೋದೆವು. ಮೂವರದು ಬಾಡಿಗೆ ಸೈಕಲ್ಲು, ನನ್ನದು ಅಪ್ಪನದು. ಹೋಗುವಾಗ ಕೊನೆಯದೆಲ್ಲ ಇಳಿಜಾರು. ಇಳಿದದ್ದನ್ನು ಹತ್ತಬೇಕಾದೀತೆಂಬ ಯೋಚನೆ ಆ ವಯಸ್ಸಿನಲ್ಲಿ ಯಾರಿಗೆ ಬಂದೀತು? ಅಣೆಕಟ್ಟಿನ ಮೇಲೆ ಓಡಾಡಿ, ಕಣಿವೆ ಮಾರಮ್ಮನಿಗೆ ಕೈಮುಗಿದು, ಕಟ್ಟಿತಂದ ಚಿತ್ರಾನ್ನ ತಿಂದು, ಮೂರು ಗಂಟೆಗೆ ಹೊರಟೆವು. ಇಳಿಯದೆ ನೆತ್ತಿ ಮುಟ್ಟಿದವನಿಗೆ ಉಳಿದವರು ಮಸಾಲೆದೋಸೆ ಕೊಡಿಸಬೇಕೆಂದು ಪಂದ್ಯವಾಯಿತು. ಬಾಡಿಗೆ ಸೈಕಲ್ಲಿನ ಮೂವರೂ ಬೇಗ ಇಳಿದರು. ನಾನು ಹತ್ತುತ್ತಲೇ ಇದ್ದೆ. ದೋಸೆ ಮರೆತುಹೋಗಿತ್ತು, ಬಸ್ಸಿನ ಕಿಟಕಿ ಕಣ್ಣ ಮುಂದಿತ್ತು. ಅರ್ಧ ಏರು ಮುಗಿಯುವಷ್ಟರಲ್ಲಿ ಕಾಲು ಸೋತು, ಸೀಟಿನಿಂದೆದ್ದು ಪೆಡಲಿನ ಮೇಲೆ ನಿಂತು ಮೈಭಾರವನ್ನೆಲ್ಲ ಒತ್ತಿದೆ. ‘ಟಕ್’ ಎಂದಿತು. ಪೆಡಲುಗಳನ್ನು ಹೊತ್ತ ನಡು ಅಚ್ಚು ಎರಡು ತುಂಡಾಗಿತ್ತು. ನಾನು ಜಲ್ಲಿಯ ಮೇಲೆ ಬಿದ್ದಿದ್ದೆ. ಸ್ವಲ್ಪ ಹೊತ್ತಿಗೆ ತೆಂಗಿನಕಾಯಿಯ ಲಾರಿಯೊಂದು ಬಂದು ನಮ್ಮನ್ನೂ ಸೈಕಲ್ಲುಗಳನ್ನೂ ಹಾಕಿಕೊಂಡು ಹೊಸದುರ್ಗಕ್ಕೆ ತಂದುಬಿಟ್ಟಿತು.

ಅಪ್ಪ ಹೊರಗಿನ ಜಗಲಿಯ ಮೇಲೆ ಕೂತಿದ್ದರು. ಸೈಕಲ್ಲನ್ನು ನೋಡಿದರು, ನನ್ನ ಮೊಣಕಾಲನ್ನು ನೋಡಿದರು. ಗೆಳೆಯರಲ್ಲಿ ಒಬ್ಬ ಮಾತಿನಲ್ಲಿ ಮುಂದಿದ್ದವನು. ನನಗೆ ಪೆಟ್ಟು ಬಿದ್ದೀತೆಂದು ಹೆದರಿ ತಾನೇ ಶುರು ಮಾಡಿದ: “ಸಾರ್, ಇವನೊಬ್ಬನೇ ಇಳೀದೆ ಹತ್ತಿದ್ದು ಸಾರ್. ಮೇಲೆ ಹೋದ್ಮೇಲೆ ಅಚ್ಚು ಮುರೀತು.” ಅಪ್ಪ ನನ್ನ ಕಡೆ ತಿರುಗಿ, “ಪೂರ್ತಿ ಹತ್ತಿದೆಯೇನೋ?” ಎಂದರು. ನಾನು ಮೊಣಕಾಲಿನ ರಕ್ತವನ್ನೇ ನೋಡುತ್ತಿದ್ದೆ. “ಪೂರ್ತಿ ಸಾರ್” ಎಂದ ಗೆಳೆಯ. ಸುಳ್ಳು ಹೇಳಿದ್ದು ಅವನು. ನಾನು ಸುಮ್ಮನಿದ್ದೆ, ಅಷ್ಟೆ. ಈ ವ್ಯತ್ಯಾಸವನ್ನು ಊರುಗೋಲಿನಂತೆ ಹಿಡಿದುಕೊಂಡು ನಾನು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದಿದ್ದೇನೆ.

ಹೊಸ ಅಚ್ಚು ದುರ್ಗದಿಂದ ಬರಬೇಕಾಯಿತು. ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಅಪ್ಪ ನಡೆದೇ ಹಳ್ಳಿ ಸುತ್ತಿದರು. ರಾತ್ರಿ ಬಂದಾಗ ಮೊಣಕಾಲಿನವರೆಗೂ ಧೂಳು. ಅಮ್ಮ ಬಿಸಿನೀರಿಗೆ ಉಪ್ಪು ಹಾಕಿ ಮುಂದಿಡುವಳು. ಬೈಗುಳಕ್ಕೆ ನಾನು ಕಾದೆ, ಬರಲಿಲ್ಲ. ಎರಡನೆಯ ಸಂಜೆ, ಎಷ್ಟು ಹೊತ್ತಾದರೂ ಬಾರದ ಅಪ್ಪನನ್ನು ಹುಡುಕಿಕೊಂಡು ಬಾ ಎಂದು ಅಮ್ಮ ಕಳುಹಿಸಿದಳು. ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಚಪ್ಪಲಿ ಬಿಚ್ಚಿ ಪಾದಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಕೈಯಲ್ಲಿ ಮುರಿದ ಅಚ್ಚು. ಅಂಗಡಿಯವನಿಗೂ ಅಲ್ಲಿದ್ದ ಇನ್ನಿಬ್ಬರಿಗೂ ಅದನ್ನು ದೀಪದ ಬೆಳಕಿಗೆ ಹಿಡಿದು ತೋರಿಸುತ್ತ, “ಮಾರಿಕಣಿವೆ ಏರನ್ನ ಕೂತೇ ಹತ್ತಿದ್ದಾನ್ರೀ ನಮ್ಮ ಹುಡುಗ. ಕಬ್ಬಿಣ ಮುರಿದಿದೆ, ಅವನು ಇಳಿದಿಲ್ಲ” ಎನ್ನುತ್ತಿದ್ದರು. ನಾನು ಕತ್ತಲಲ್ಲೇ ನಿಂತೆ. ಅಂಗಡಿಯವನನ್ನು ಕೇಳಿ ಆ ತುಂಡುಗಳನ್ನು ಪಡೆದು, ಖಾಕಿ ಚೀಲಕ್ಕೆ ಹಾಕಿಕೊಂಡರು. ಮರುದಿನ ಹಳ್ಳಿಗಳ ಪೋಸ್ಟ್‌ಮಾಸ್ಟರುಗಳಿಗೆ ತೋರಿಸಲಿಕ್ಕೆ.

ಹೀಗೆ ನನ್ನ ಕೀರ್ತಿ ಅಂಚೆಯ ಮೂಲಕವೇ ತಾಲ್ಲೂಕಿನಲ್ಲೆಲ್ಲ ಬಟವಾಡೆಯಾಯಿತು. ನನ್ನ ಮದುವೆಯಲ್ಲಿ ಬೀಗರ ಮುಂದೆಯೂ ಅಚ್ಚು ಹೊರಬಂತು. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ಆ ಎರಡು ತುಂಡು ಕಬ್ಬಿಣ ಈಗ ನನ್ನ ತಂಗಿಯ ಮನೆಯ ಷೋಕೇಸಿನಲ್ಲಿ, ಮೈಸೂರಿನ ಗಂಧದ ಆನೆಯ ಪಕ್ಕದಲ್ಲಿದೆ. ಅವಳ ಮನೆಗೆ ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನುಮಾಡಿ ಕೂರುತ್ತೇನೆ.

ಆ ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದವನು. ವಾರವಿಡೀ ಕುರ್ಚಿಯಲ್ಲಿ ಕೂತು, ಶನಿವಾರ ಬಂದರೆ ಸೈಕಲ್ಲಿನ ಮೇಲೆ ಕೂರುತ್ತಾನೆ. ‘ಬ್ರೆವೆ’ ಎಂದು ಅವನ ಪಂಥದ ಹೆಸರು. ಫ್ರಾನ್ಸಿನಿಂದ ಬಂದದ್ದು. ಅದು ಪಂದ್ಯವಲ್ಲ, ಗೆದ್ದವರು ಸೋತವರು ಇಲ್ಲ. ಗೊತ್ತಾದ ವೇಳೆಯೊಳಗೆ ದೂರ ಮುಗಿಸಿದರೆ ಆಯಿತು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು, 600ಕ್ಕೆ ನಲವತ್ತು. ಎಲ್ಲಕ್ಕೂ ಮೇಲೆ ಪ್ಯಾರಿಸಿನಿಂದ ಬ್ರೆಸ್ಟ್ ಎಂಬ ಕಡಲತಡಿಯ ಊರಿಗೆ ಹೋಗಿ ಮರಳುವ 1,200 ಕಿಲೋಮೀಟರಿನ ಯಾತ್ರೆ, ತೊಂಬತ್ತು ಗಂಟೆ. 1891ರಲ್ಲಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ. ಒಮ್ಮೆ ಅವನು ತನ್ನ ಕಾರ್ಡನ್ನು ತೋರಿಸಿದ. ದಾರಿಯಲ್ಲಿ ಗೊತ್ತುಪಡಿಸಿದ ಕಡೆಗಳಲ್ಲೆಲ್ಲ ಮೊಹರು ಹಾಕಿಸಿಕೊಳ್ಳಬೇಕಂತೆ. ನಾನು ಆ ಕಾರ್ಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದೆ. “ಏನ್ ಮಾವ ಅಷ್ಟೊಂದು ನೋಡ್ತೀರಾ?” ಎಂದ. ನಿಮ್ಮ ತಾತ ಮೂವತ್ತು ವರ್ಷ ಇದನ್ನೇ ಮಾಡಿದ್ದು, ಸಂಬಳಕ್ಕೆ ಎಂದೆ. ಅವನು ನಕ್ಕ. ಆಮೇಲೆ, “ಮಾವ, ನಾವಿಬ್ರೂ ಒಂದ್ಸಲ ನಾಲ್ಕೂರು ಸುತ್ತು ಹಾಕೋಣ. ನೀವು ಆ ಏರು ಹತ್ತಿದ್ದು ನಾನು ನೋಡ್ಬೇಕು” ಎಂದ.

ಮೊಣಕಾಲು ನೋವು, ರಕ್ತದೊತ್ತಡ, ನನ್ನಾಕೆಯ ವಿರೋಧ, ಹೀಗೆ ಬೇಡವೆನ್ನಲು ಕಾರಣಗಳಿಗೆ ಕೊರತೆಯಿರಲಿಲ್ಲ. ನಾನು ಒಪ್ಪಿಕೊಂಡೆ. ಲೆಕ್ಕ ಸರಳವಾಗಿತ್ತು. ಈಗಲಾದರೂ ಒಮ್ಮೆ ಹತ್ತಿಬಿಟ್ಟರೆ ಆ ಸುಳ್ಳು, ತಡವಾಗಿಯಾದರೂ, ನಿಜವಾಗುತ್ತದೆ. ತಡವಾಗಿ ತಲುಪಿದ ಮನಿಯಾರ್ಡರೂ ಮನಿಯಾರ್ಡರೇ ತಾನೆ? ಅಳಿಯ ಗೇರಿನ ಸೈಕಲ್ಲೊಂದನ್ನು ತರಿಸಿಕೊಡುತ್ತೇನೆಂದ. ಅಪ್ಪನ ಹರ್ಕ್ಯುಲಿಸ್ಸೇ ಆಗಬೇಕೆಂದು ನಾನು ಹಟ ಹಿಡಿದೆ. ನಿವೃತ್ತನಾದ ಮೇಲೆ ದುರ್ಗದಲ್ಲೇ ನೆಲೆಸಿರುವ ನಾನು ಎರಡು ತಿಂಗಳು ಬೆಳಿಗ್ಗೆ ಜೋಗಿಮಟ್ಟಿಯ ರಸ್ತೆಯಲ್ಲಿ ಅಭ್ಯಾಸ ಮಾಡಿದೆ. ಅಭ್ಯಾಸವೆಂದರೆ, ಗುಡ್ಡದ ಬುಡದವರೆಗೆ ಸವಾರಿ, ಅಲ್ಲಿಂದ ಮೇಲೆ ಸ್ವಲ್ಪ ಸವಾರಿ, ಆಮೇಲೆ ಪ್ರಕೃತಿಸೌಂದರ್ಯದ ವೀಕ್ಷಣೆ.

ಹೊರಟದ್ದು ಕಳೆದ ವರ್ಷ ಆಷಾಢದಲ್ಲಿ. ಆಷಾಢದಲ್ಲಿ ಒಳ್ಳೆಯ ಕೆಲಸಕ್ಕೆ ಯಾರೂ ಹೊರಡುವುದಿಲ್ಲ. ಆದರೆ ಅಳಿಯನಿಗೆ ರಜೆ ಸಿಕ್ಕಿದ್ದು ಆಗಲೇ. ಬೆಳಗಿನ ನಾಲ್ಕೂವರೆಗೆ ದುರ್ಗ ಬಿಟ್ಟೆವು. ಹಿರಿಯೂರಿನವರೆಗೆ ಸುಮಾರು ನಲವತ್ತು ಕಿಲೋಮೀಟರು ಹೆದ್ದಾರಿ. ಹಿರಿಯೂರು ದುರ್ಗಕ್ಕಿಂತ ತಗ್ಗಿನಲ್ಲಿದೆ, ಪಡುವಣ ಗಾಳಿ ಹಿಂದಿನಿಂದ ತಳ್ಳುತ್ತಿತ್ತು. ಐಮಂಗಲದ ಹತ್ತಿರ ಬೆಳಕಾಯಿತು. ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನಾನು ಹುಡುಗನಾಗಿದ್ದಾಗ ಈ ಗಾಳಿ ಬರಿಯ ಶಾಪ. ಈಗ ಇದರಿಂದ ದೀಪ ಉರಿಯುತ್ತದೆ. ಹಿರಿಯೂರಿನಲ್ಲಿ ಇಡ್ಲಿ ತಿನ್ನುವಾಗ ನಾನು ಉತ್ಸಾಹದಲ್ಲಿದ್ದೆ. “ಇಷ್ಟೇನಾ ನಿಮ್ಮ ಬ್ರೆವೆ?” ಎಂದೂ ಕೇಳಿದೆ. ಅಳಿಯ ಏನೂ ಹೇಳಲಿಲ್ಲ. ಇನ್ನೊಂದು ಪ್ಲೇಟು ತರಿಸಿ ನನ್ನ ಮುಂದಿಟ್ಟ.

ಅಲ್ಲಿಂದ ಪಶ್ಚಿಮಕ್ಕೆ ತಿರುಗಿದ ಕೂಡಲೇ ಗಾಳಿ ಎದೆಗೆ ಕೈಯಿಟ್ಟು ತಡೆಯಿತು. ಕಾಲುವೆಯ ಎರಡೂ ಕಡೆ ತೆಂಗು, ಬಾಳೆ. ಹಿರಿಯೂರಿನ ಸುತ್ತಿನ ಈ ಹಸಿರೆಲ್ಲ ಮಾರಿಕಣಿವೆಯ ನೀರಿನದೇ. ಚಿಕ್ಕಮಗಳೂರಿನ ಬೆಟ್ಟಗಳ ಕಡೆಯಿಂದ ಹೊಸದುರ್ಗದ ಮೇಲೆ ಹಾದು ಬರುವ ವೇದಾವತಿ, ಗುಡ್ಡಸಾಲನ್ನು ಸೀಳಿಕೊಂಡು ಆಚೆ ಬರುವ ಸಂದಿ ಅದು. ಮೈಸೂರು ಸಂಸ್ಥಾನದವರು ಆ ಬಾಗಿಲಿಗೇ ಅಡ್ಡಗಟ್ಟೆ ಹಾಕಿದರು. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟರು. ಜನ ಮಾತ್ರ ಮಾರಿಯ ಹೆಸರನ್ನು ಬಿಡಲಿಲ್ಲ. 130 ಅಡಿ ನೀರು ನಿಲ್ಲುವ ಈ ಜಲಾಶಯ ಕೋಡಿ ಬಿದ್ದದ್ದು 1933ರಲ್ಲಿ. ನಮ್ಮ ಬಾಲ್ಯದಲ್ಲಿ ಕೋಡಿಯೆಂಬುದು ಮುದುಕರ ಬಾಯಲ್ಲಿದ್ದ ಪುರಾಣ. ಅಪ್ಪ ಅದನ್ನು ನೋಡಬೇಕೆಂದು ಆಸೆಪಡುತ್ತಲೇ ಹೋದರು. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ, ನೀರು ಮತ್ತೆ ಕೋಡಿಯಲ್ಲಿ ಹರಿಯಿತು. ಜಾತ್ರೆಗೆ ಸೇರಿದಂತೆ ಜನ ಸೇರಿದ್ದರು. ನಾನೂ ಹೋಗಿದ್ದೆ, ಕಾರಿನಲ್ಲಿ. ಏರು ಬಂದಾಗ ಕಣ್ಣು ಮುಚ್ಚಿಕೊಂಡಿದ್ದೆ. ನಿದ್ದೆ ಎಂದು ನನ್ನಾಕೆ ತಿಳಿದಳು.

ಮಾರಮ್ಮನಿಗೆ ಕೈಮುಗಿದು ಏರಿನ ಬುಡಕ್ಕೆ ಬಂದಾಗ ಹತ್ತು ಗಂಟೆ ಮೀರಿತ್ತು. ಹರ್ಕ್ಯುಲಿಸ್ಸಿನ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಹಿಂದಿನ ದಿನ ಎಣ್ಣೆ ಹಾಕುವಾಗ ಎಣಿಸಿದ್ದೆ. ಲೆಕ್ಕ ಹಾಕಿದರೆ ಪೆಡಲು ಒಂದು ಸುತ್ತು ಬಂದಾಗ ಸೈಕಲ್ಲು ಐದೂವರೆ ಮೀಟರು ಮುಂದೆ ಹೋಗಲೇಬೇಕು. ಬಯಲಿರಲಿ, ಏರಿರಲಿ, ಅದಕ್ಕೆ ಬೇರೆ ಮಾತಿಲ್ಲ. ಅಳಿಯನ ಸೈಕಲ್ಲು ಏರು ಬಂದಾಗ ಬಗ್ಗುತ್ತದೆ. ಒಂದು ಸುತ್ತಿಗೆ ಎರಡು ಮೀಟರಿನಷ್ಟೇ ಕೇಳುತ್ತದೆ. ನನ್ನದು ಹಳೆಯ ಕಾಲದ ಸಾಹುಕಾರನಂತೆ, ಪೂರ್ತಿ ಬಡ್ಡಿ ಈಗಲೇ ಇಡು ಎನ್ನುತ್ತದೆ. ಮೊದಲ ತಿರುವು ದಾಟಿತು. ಗಾಳಿ ಗುಡ್ಡದ ಮೇಲಿನಿಂದ ಇಳಿದು ಮುಖಕ್ಕೆ ಹೊಡೆಯುತ್ತಿತ್ತು. ಸೈಕಲ್ಲು ನೆಟ್ಟಗೆ ಹೋಗದೆ ರಸ್ತೆಯ ಆ ಅಂಚಿನಿಂದ ಈ ಅಂಚಿಗೆ ಹಾವಿನಂತೆ ಹರಿಯಿತು. ಉಸಿರಿಗಿಂತ ಮೊದಲು ಸೋತದ್ದು ಕೈ. ಹ್ಯಾಂಡಲನ್ನು ಎಳೆದು ಎಳೆದು ಮೊಣಕೈ ನಡುಗತೊಡಗಿತು. ಎಮ್ಮೆ ಮೇಯಿಸುತ್ತಿದ್ದವನೊಬ್ಬ, “ಇಳಿದ್ಬಿಡಿ ಯಜಮಾನ್ರೇ, ಯಾರ್ ಕೇಳ್ತಾರೆ?” ಎಂದ. ಯಾರು ಕೇಳುತ್ತಾರೆಂಬುದನ್ನು ಅವನಿಗೆ ವಿವರಿಸಲು ನನ್ನಲ್ಲಿ ಉಸಿರಿರಲಿಲ್ಲ. ಮತ್ತೊಂದು ತಿರುವು. ಬಲಗಡೆ ಬಂಡೆ, ಅದರಾಚೆ ನೀರಿನ ಹೊಳಪು. ಸೀಟಿನಿಂದೆದ್ದು ಪೆಡಲಿನ ಮೇಲೆ ನಿಂತೆ. ಕೆಳಗೆ ಅಚ್ಚು ಕಿರ್ ಎಂದಿತು.

ನನ್ನ ಕಾಲು ತಾನಾಗಿಯೇ ನೆಲಕ್ಕೆ ಬಂತು. ಕಬ್ಬಿಣ ಮುರಿಯಲಿಲ್ಲ. ಇನ್ನೂ ಹತ್ತು ಗಜ ಹೋಗಬಹುದಿತ್ತೋ ಏನೋ. ಆ ಕಿರ್ ಎಂಬ ಸದ್ದಿಗೆ ನಾನು ಹೆದರಿಬಿಟ್ಟೆ. ತಲೆಯೆತ್ತಿ ನೋಡಿದರೆ, ಗುರುತು ತಪ್ಪಿದ್ದರೆ ಹೇಳಲಾರೆ, ನಲವತ್ತೇಳು ವರ್ಷದ ಹಿಂದೆ ಬಿದ್ದದ್ದೂ ಆ ಬಂಡೆಯ ಹತ್ತಿರವೇ.

ಮುಂದೆ ಹೋಗಿದ್ದ ಅಳಿಯ ಹಿಂದಿರುಗಿ ಬಂದು, ನೀರಿನ ಬಾಟಲು ಕೊಟ್ಟು, ಸಮಾಧಾನ ಹೇಳುವವನಂತೆ ಒಂದು ಕತೆ ತೆಗೆದ. ಫ್ರಾನ್ಸಿನ ಸುತ್ತಿನ ದೊಡ್ಡ ಪಂದ್ಯ ಟೂರ್ ದ ಫ್ರಾನ್ಸ್ ಶುರುವಾದದ್ದು 1903ರಲ್ಲಿ. 1910ರಲ್ಲಿ ಅದನ್ನು ಮೊದಲ ಬಾರಿಗೆ ಪಿರನೀಸ್ ಪರ್ವತದ ದೊಡ್ಡ ಕಣಿವೆಗಳ ಮೇಲೆ ಹಾಯಿಸಿದರು. ಅವುಗಳಲ್ಲೊಂದು ಟೂರ್‌ಮಲೆ, ಎರಡು ಸಾವಿರ ಮೀಟರಿಗೆ ಮೀರಿದ ಎತ್ತರ. ಆ ಕಾಲದ ಸೈಕಲ್ಲಿಗೆ ಈಗಿನಂಥ ಗೇರಿಲ್ಲ. ಅಂಥ ಗೇರಿಗೆ ಆ ಪಂದ್ಯದಲ್ಲಿ ಅಪ್ಪಣೆ ದೊರೆತದ್ದೇ 1937ರಲ್ಲಂತೆ. ಟೂರ್‌ಮಲೆಯನ್ನು ಒಮ್ಮೆಯೂ ಇಳಿಯದೆ ಹತ್ತಿದವನು ಗುಸ್ತಾವ್ ಗಾರಿಗೂ ಎಂಬವನು. ಅವನಿಗೆ ನೂರು ಫ್ರಾಂಕ್ ಬಹುಮಾನ ಕೊಟ್ಟರು. ಅವನಿಗಿಂತ ಮೊದಲು ನೆತ್ತಿ ಮುಟ್ಟಿದ್ದ ಆಕ್ಟೇವ್ ಲಾಪೀಜ್ ನಡುನಡುವೆ ಇಳಿದು ಸೈಕಲ್ಲು ತಳ್ಳಿದ್ದ. ಆ ವರ್ಷದ ಪಂದ್ಯ ಗೆದ್ದವನೂ ಅವನೇ. “ಅದಕ್ಕೇ ಮಾವ, ಬ್ರೆವೆಯಲ್ಲೂ ತಳ್ಕೊಂಡು ಹೋದ್ರೆ ಲೆಕ್ಕಕ್ಕೆ ಬರುತ್ತೆ. ಮತ್ತೆ ನೀವು ಆಗ್ಲೇ ಒಂದ್ಸಲ ಹತ್ತಿರೋರು.”

“ಹತ್ತಿಲ್ಲ ಕಣಪ್ಪ” ಎಂದೆ.

ತಳ್ಳಿಕೊಂಡು ನಡೆಯುತ್ತ ಎಲ್ಲ ಹೇಳಿದೆ. ಏರಿನಲ್ಲಿ ನಡೆಯುವವರಿಗೆ ಒಂದು ಅನುಕೂಲವುಂಟು. ಮುಖ ನೋಡಬೇಕಾಗಿಲ್ಲ, ಇಬ್ಬರೂ ನೆಲ ನೋಡುತ್ತಿರುತ್ತಾರೆ. ನಾಲ್ಕು ದಿನ ಅಪ್ಪ ನಡೆದದ್ದು, ಅಂಗಡಿಯ ಬೆಂಚು, ಕತ್ತಲಲ್ಲಿ ನಾನು ನಿಂತದ್ದು. ಅವನು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೇಳಿದ್ದು ನಾನು ಎಣಿಸದ ಪ್ರಶ್ನೆ.

“ಲಾರಿ ಎಲ್ಲಿ ಹತ್ತಿದ್ರಿ ಮಾವ?”

“ಅಲ್ಲೇ, ಬಿದ್ದ ಕಡೆ.”

“ಡ್ರೈವರು?”

“ಹೊಸದುರ್ಗದವನೇ. ನಮ್ಮ ಬೀದಿಯ ಕೊನೇಲಿ ಮನೆ.”

“ತಾತನಿಗೆ ಪರಿಚಯ?”

ಪರಿಚಯವೇನು, ವಾರಕ್ಕೆರಡು ಸಲ ಅಪ್ಪನೊಡನೆ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದವನು. ನಾನು ನಿಂತುಬಿಟ್ಟೆ. ನಲವತ್ತೇಳು ವರ್ಷ ಒಂದು ಸುಳ್ಳನ್ನು ಹೊತ್ತವನಿಗೆ, ಆ ಲಾರಿಯವನಿಗೂ ಬಾಯುಂಟು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಅವನು ಹೇಳಿದ್ದರೆ ಅಂದೇ ರಾತ್ರಿ ಹೇಳಿರಬೇಕು. ಹಾಗಾದರೆ ಎರಡನೆಯ ಸಂಜೆ ಅಂಗಡಿಯ ಬೆಂಚಿನ ಮೇಲೆ ಕೂತು ಅಪ್ಪ ಹೇಳಿದ್ದು ಏನು? ಯಾರಿಗೆ? ಕತ್ತಲಲ್ಲಿ ನಾನು ನಿಂತಿದ್ದುದನ್ನು ಅವರು ನೋಡಿದ್ದರೆ? ಇಲ್ಲ, ಆ ಡ್ರೈವರು ಮಾತು ಕಡಿಮೆಯ ಮನುಷ್ಯ, ಹೇಳದೆಯೂ ಇದ್ದಿರಬಹುದು. ಇಬ್ಬರೂ ಈಗ ಇಲ್ಲ.

“ಅಮ್ಮನಿಗೆ ಮಾತ್ರ ಹೇಳ್ಬೇಡಿ ಮಾವ” ಎಂದ ಅಳಿಯ. ನಾನು ಮುಂದೆ ತಳ್ಳಿದೆ.

ನೆತ್ತಿಯ ಮೇಲಿನಿಂದ ಹಿನ್ನೀರು ಕಂಡಿತು. ಮೇಲಿಂದ ನೋಡಿದರೆ ಅದು ಭಾರತದ ನಕ್ಷೆಯಂತೆ ಕಾಣುತ್ತದೆಂದು ಜನ ಹೇಳುತ್ತಾರೆ. ಅಳಿಯ ತನ್ನ ಮೊಬೈಲಿನಲ್ಲಿ ಚಿತ್ರ ತೆಗೆದ. ನನಗೆ ಅಂದು ನಕ್ಷೆ ಗಿಕ್ಷೆ ಏನೂ ಕಾಣಲಿಲ್ಲ. ನೀರು ಕಂಡಿತು, ಬಹಳ ನೀರು.

ಹೊಸದುರ್ಗದವರೆಗಿನ ದಾರಿಯ ವಿಚಾರ ಹೇಳಲು ಹೆಚ್ಚೇನಿಲ್ಲ. ಗಾಳಿ ಎದುರಿಗಿತ್ತು, ಹೊಟ್ಟೆ ಹಸಿದಿತ್ತು, ಎಡಮೊಣಕಾಲು ಬೇರೊಬ್ಬರದಾಗಿತ್ತು. ತೆಂಗಿನ ತೋಟಗಳು ಶುರುವಾದ ಮೇಲೆ ಎರಡು ಕಡೆ ನಿಂತು ಎಳನೀರು ಕುಡಿದೆವು. ಊರಿನಲ್ಲಿ ಆ ಸೈಕಲ್ ಅಂಗಡಿಯಿದ್ದ ಕಡೆ ಈಗ ಮೊಬೈಲು ರಿಪೇರಿ. ಅಂಗಡಿಯ ಹುಡುಗ ಹರ್ಕ್ಯುಲಿಸ್ಸನ್ನು ಮೇಲಿಂದ ಕೆಳಗೆ ನೋಡಿ, “ಇದನ್ನ ಮಾರ್ತೀರಾ ಸಾರ್? ಹೋಟ್ಲೋರು ಮುಂದುಗಡೆ ಇಡೋಕೆ ತಗೋತಾರೆ” ಎಂದ. ಬೆಲೆಯನ್ನೂ ಹೇಳಿದ. ಅಪ್ಪ ಕೊಂಡದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಹೊಳಲ್ಕೆರೆ ಮುಟ್ಟುವಾಗ ಸಂಜೆಯಾಗಿತ್ತು. ಬಯಲು ಗಣಪನಿಗೆ ನಮಸ್ಕಾರ ಮಾಡಿ, ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಮೇಲೆ ಮಾಡಿಲ್ಲದೆ ಬಿಸಿಲು ಮಳೆಗೆ ಕೂತ ಆ ಗಣಪನನ್ನು ಕಂಡರೆ ಅಪ್ಪನಿಗೆ ಬಹಳ ಪ್ರೀತಿ. ಇವನೂ ನಮ್ಮ ಹಾಗೆ ಹೊರಗಿನ ಡ್ಯೂಟಿಯವನು ಎನ್ನುತ್ತಿದ್ದರು. ಉಳಿದದ್ದು ಮೂವತ್ತು ಚಿಲ್ಲರೆ ಕಿಲೋಮೀಟರು, ಗಾಳಿ ಈಗ ಬೆನ್ನಿಗೆ. ಆದರೂ ದುರ್ಗದ ಗುಡ್ಡಗಳು ಹತ್ತಿರವಾದ ಕಡೆ ರಸ್ತೆ ಮತ್ತೆ ಮೇಲಕ್ಕೆದ್ದಿತು. ಕತ್ತಲಾಗಿತ್ತು. ಗಾಳಿಯಂತ್ರಗಳ ನೆತ್ತಿಯಲ್ಲಿ ಕೆಂಪು ದೀಪಗಳು ಹತ್ತಿ ಆರುತ್ತಿದ್ದವು. ಏರಿನ ಬುಡ ಬಂದಾಗ ನಾನು ಇಳಿದೆ. ಉಸಿರಿತ್ತು, ಕಾಲಿನಲ್ಲಿ ಇನ್ನೊಂದಿಷ್ಟು ಕಸುವೂ ಇತ್ತು. ಸುಮ್ಮನೆ ಇಳಿದೆ, ಎಡಗೈ ಹ್ಯಾಂಡಲಿನ ಮೇಲೆ, ಬಲಗೈ ಸೀಟಿನ ಮೇಲೆ. ಅಳಿಯ ಸ್ವಲ್ಪ ಮುಂದೆ ಹೋದವನು ತಿರುಗಿ ನೋಡಿ ತಾನೂ ಇಳಿದ. ಅವನ ಸೈಕಲ್ಲಿನ ಪಾದರಕ್ಷೆ ನಡೆಯಲಿಕ್ಕೆ ಮಾಡಿದ್ದಲ್ಲ. ಡಾಂಬರಿನ ಮೇಲೆ ಕುದುರೆಯ ಲಾಳದಂತೆ ಟಕಟಕ ಸದ್ದು ಮಾಡುತ್ತಿತ್ತು. ಬಸ್ಸೊಂದು ದೀಪ ಹಾಯಿಸಿಕೊಂಡು ಪಕ್ಕದಲ್ಲಿ ಹೋಯಿತು. ಕಿಟಕಿಯಲ್ಲಿ ಯಾರಿದ್ದರೋ ಕಾಣಲಿಲ್ಲ. ನಾನು ಕೈಬೀಸಿದೆ.

ಮನೆ ಸೇರಿದಾಗ ರಾತ್ರಿ ಒಂಬತ್ತು ದಾಟಿತ್ತು. ನನ್ನಾಕೆ ಮಾತಾಡದೆ ನೀರೊಲೆಗೆ ಇನ್ನೆರಡು ಕೊರಡು ತುರುಕಿದಳು. ಅಳಿಯ ಬಚ್ಚಲಿನಲ್ಲಿದ್ದಾಗ ತಂಗಿಯ ಫೋನು ಬಂತು.

“ಅಣ್ಣ, ಕ್ಷೇಮವಾಗಿ ಬಂದ್ರಾ? ಏರು ಹತ್ತಿದೆಯಾ?”

“ಹತ್ತಿದೆ” ಎಂದೆ. ಸುಳ್ಳೇನಲ್ಲ. ಹತ್ತದೆ ಹೊಸದುರ್ಗಕ್ಕೆ ಹೇಗೆ ಹೋಗುವುದು?

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅವಳು, ನಮ್ಮ ಅಪ್ಪನದೇ ಧಾಟಿಯಲ್ಲಿ, ಮೆಲ್ಲಗೆ ಕೇಳಿದಳು:

“ಈ ಸಲ ಎಲ್ಲೀತನಕ?”

ನೀರು ಕಾದಿದೆ, ನಾಳೆ ಮಾತಾಡುತ್ತೇನೆ ಎಂದು ಫೋನು ಇಟ್ಟೆ. ಮರುದಿನ ಅವಳೂ ಅದರ ಮಾತು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಅಚ್ಚು ಅಲ್ಲೇ ಇತ್ತು, ಗಂಧದ ಆನೆಯ ಪಕ್ಕದಲ್ಲಿ. ಈ ಸಲ ನಾನು ಅದರ ಎದುರಿನ ಕುರ್ಚಿಯಲ್ಲಿ ಕೂತು ಕಾಫಿ ಕುಡಿದೆ.